ಒಫೀಲಿಯಾ ನಿಜ ಹೇಳಿಬಿಟ್ಟರೆ: ದುರಂತ ನಾಯಕಿಯನ್ನು ಪ್ರಹಸನಕ್ಕೆ ತಂದ ಬಗೆ

ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಮೂರನೇ ಅಂಕದ ಮೊದಲ ದೃಶ್ಯದಲ್ಲಿ ರಾಜಕುಮಾರ ಹ್ಯಾಮ್ಲೆಟ್ ಒಫೀಲಿಯಾಳನ್ನು ಕೇಳುತ್ತಾನೆ: ನಿನ್ನ ತಂದೆ ಎಲ್ಲಿ? ಮನೆಯಲ್ಲಿದ್ದಾರೆ ಅನ್ನುತ್ತಾಳೆ ಅವಳು. ತಂದೆ ಪೊಲೋನಿಯಸ್ ಇರುವುದು ಅಲ್ಲೇ, ದೊರೆಯ ಜೊತೆ ಮರೆಯಲ್ಲಿ ನಿಂತು ಕಿವಿಗೊಟ್ಟುಕೊಂಡು. ಆದರೆ ಸುಳ್ಳು ಹೇಳು ಎಂದು ಅವಳಿಗೆ ಯಾರೂ ಹೇಳಿಲ್ಲ. ಇಲ್ಲಿ ಅಡ್ಡಾಡುತ್ತಿರು, ಈ ಪುಸ್ತಕ ಓದುತ್ತಿರು ಅನ್ನುವುದಷ್ಟೇ ತಂದೆಯ ಆಜ್ಞೆ. ಹಿರಿಯರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗಿ, ಹೇಳದೆ ಇದ್ದದ್ದನ್ನು ಯಾಕೆ ಮಾಡಿದಳು? ಮಾಡದೆ ಹೋಗಿದ್ದರೆ?

ನಾವು ಕಟ್ಟಿದ ಪ್ರಹಸನದಲ್ಲಿ ಅವಳು ಮಾಡುವುದಿಲ್ಲ. 'ಅಲ್ಲೇ ಇದ್ದಾರೆ ಪ್ರಭು' ಅನ್ನುತ್ತಾಳೆ. ಮೂಲದಲ್ಲಿ ಬದಲಿಸಿದ್ದು ಈ ಒಂದು ಉತ್ತರ ಮಾತ್ರ. ಉಳಿದದ್ದೆಲ್ಲ ಲೆಕ್ಕಾಚಾರ. ಮರೆಯಲ್ಲಿ ನಿಂತು ಒಮ್ಮೆ ಸಿಕ್ಕಿಬಿದ್ದ ಪೊಲೋನಿಯಸ್ ರಾಣಿಯ ಅಂತಃಪುರದಲ್ಲಿ ಮತ್ತೊಮ್ಮೆ ಪರದೆಯ ಹಿಂದೆ ನಿಲ್ಲುವ ಧೈರ್ಯ ಮಾಡುವುದಿಲ್ಲ. ನಿಲ್ಲದಿದ್ದರೆ ಮೂಲದಲ್ಲಿದ್ದಂತೆ ಹ್ಯಾಮ್ಲೆಟನ ಕತ್ತಿಗೆ ಸಿಕ್ಕಿ ಸಾಯುವುದಿಲ್ಲ. ಅಪ್ಪ ಸಾಯದಿದ್ದರೆ ಮಗಳಿಗೆ ಬುದ್ಧಿ ಕೆಟ್ಟು ಹಳ್ಳದಲ್ಲಿ ಮುಳುಗಲು ಕಾರಣವಿಲ್ಲ, ಅಣ್ಣ ಲೆಯರ್ಟಿಸ್ ಸೇಡು ಹಿಡಿದು ಫ್ರಾನ್ಸಿನಿಂದ ಓಡಿಬರಬೇಕಾಗಿಲ್ಲ. ಅಂದರೆ ದುರಂತದ ಯಂತ್ರಕ್ಕೆ ಸೌದೆಯೇ ಇಲ್ಲ. ಆದರೂ ಆಸ್ಥಾನದವರೆಲ್ಲ ದುರಂತದ ತಮ್ಮ ತಮ್ಮ ಮಾತುಗಳನ್ನು ಬಾಯಿಪಾಠ ಮಾಡಿಬಿಟ್ಟಿದ್ದಾರೆ. ರಾಣಿಯ ಹತ್ತಿರ ಶೋಕದ ಭಾಷಣ ಸಿದ್ಧವಾಗಿದೆ, ಗೋರಿ ತೋಡುವವನು ಅರ್ಧ ಗುಂಡಿ ತೋಡಿದ್ದಾನೆ. ಕಾರಣವಿಲ್ಲದೆ ದುರಂತ ನಡೆಸಲು ಹೊರಟವರ ನಡುವೆ, ಏನೂ ಆಗಿಲ್ಲವಲ್ಲ ಎಂದು ನಿಂತಿರುವ ಒಬ್ಬಳು ಹುಡುಗಿ. ನಗು ಹುಟ್ಟುವುದು ಅಲ್ಲಿ.

ನಾಯಕಿಯನ್ನು ಆರಿಸುವಾಗ ಒಂದು ಪರೀಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ: ಅವಳ ಸಾವು ರಂಗದ ಮೇಲೆ ನಡೆಯುತ್ತದೋ, ಯಾರೋ ಬಂದು ವರದಿ ಮಾಡುತ್ತಾರೋ? ವರದಿಯಾದರೆ ಒಳಗೆ ಕೈಹಾಕಲು ಸಂದು ಸಿಗುತ್ತದೆ. ಗ್ರೀಕ್ ನಾಟಕದ ಯೊಕಾಸ್ಟೆ, ಆಂಟಿಗನಿ ಇಬ್ಬರೂ ಮರೆಯಲ್ಲೇ ಸಾಯುತ್ತಾರೆ. ಒಫೀಲಿಯಾಳೂ ಹಾಗೆಯೇ. 'ಒಥೆಲೊ' ನಾಟಕದಲ್ಲಿ ಗಂಡ ಸುಳ್ಳು ಅನುಮಾನಕ್ಕೆ ಕೊಲ್ಲುವ ಡೆಸ್ಡಿಮೋನಾಳ ಸಾವು ಪ್ರೇಕ್ಷಕರ ಕಣ್ಣೆದುರೇ ಆಗುತ್ತದೆ. ಆ ಹಾಸಿಗೆಯ ಮೇಲೆ ನಗೆ ಕಟ್ಟುವುದಕ್ಕೆ ಬೇರೆಯೇ ಗುಂಡಿಗೆ ಬೇಕು. ಜೂಲಿಯೆಟ್‌ಳ ಕಥೆಯಂತೂ ಮೂರನೇ ಅಂಕದಲ್ಲಿ ರೋಮಿಯೋನ ಗೆಳೆಯ ಮರ್ಕ್ಯೂಶಿಯೋ ಸಾಯುವ ತನಕ ಹೆಚ್ಚುಕಡಿಮೆ ಹಾಸ್ಯ ನಾಟಕವೇ. ಪಾದ್ರಿಯ ಪತ್ರ ಹೊತ್ತವನು ಪ್ಲೇಗಿನ ದಿಗ್ಬಂಧನದಲ್ಲಿ ಸಿಕ್ಕಿಕೊಂಡು ತಡವಾಗುವುದು ಪ್ರಹಸನದ ಹಳೇ ತಂತ್ರ, ಫಲಿತಾಂಶ ಮಾತ್ರ ಬೇರೆ. ಅಲ್ಲಿ ಕೆಲಸ ಅರ್ಧ ಮುಗಿದಿರುತ್ತದೆ, ಅದಕ್ಕೇ ಬರೆಯುವವನಿಗೆ ಸೋಮಾರಿತನ ಬರುತ್ತದೆ.

ಮೊದಲು ಮಾಡಬೇಕಾದದ್ದು ಅವಳ ಮಾತುಗಳನ್ನೆಲ್ಲ ನಾಟಕದಿಂದ ಬಿಡಿಸಿ ಬೇರೆ ಹಾಳೆಯಲ್ಲಿ ಬರೆದುಕೊಳ್ಳುವುದು. ಒಫೀಲಿಯಾ ಜೀವಂತವಾಗಿ ಕಾಣಿಸಿಕೊಳ್ಳುವುದು 5 ದೃಶ್ಯಗಳಲ್ಲಿ. 4,000ದ ಹತ್ತಿರ ಸಾಲುಗಳಿರುವ ನಾಟಕದಲ್ಲಿ ಅವಳ ಪಾಲು 200ನ್ನೂ ಮುಟ್ಟುವುದಿಲ್ಲ. ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಅವಳಿಗೆ ಕೊಟ್ಟ ಆಜ್ಞೆ, ಕೊಟ್ಟವರು, ಅವಳು ಮಾಡಿದ್ದು. ಅಣ್ಣ: ರಾಜಕುಮಾರನಿಂದ ದೂರವಿರು, ನನಗೆ ಪತ್ರ ಬರೆಯುತ್ತಿರು. ಅಪ್ಪ: ಅವನ ಜೊತೆ ಮಾತೇ ಆಡಬೇಡ. ಮತ್ತೆ ಅಪ್ಪ: ಈಗ ಹೋಗಿ ಅವನೆದುರು ಕಾಣಿಸಿಕೋ. ರಾಜಕುಮಾರ: ಕನ್ಯಾಮಠಕ್ಕೆ (ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ) ಹೋಗು. ಈ ಕೊನೆಯದನ್ನು ಒಂದೇ ದೃಶ್ಯದಲ್ಲಿ 5 ಸಲ ಹೇಳುತ್ತಾನೆ. ಅಂಕಣಗಳನ್ನು ಎದುರಿಟ್ಟುಕೊಂಡು ನೋಡಿದರೆ ಹಾಸ್ಯದ ಎಂಜಿನ್ ತಾನಾಗಿ ಕಾಣುತ್ತದೆ: ಒಂದಕ್ಕೊಂದು ತಾಳೆಯಾಗದ ಆಜ್ಞೆಗಳು, ಎಲ್ಲವನ್ನೂ ಪಾಲಿಸುತ್ತೇನೆ ಎಂದು ಒಪ್ಪಿಕೊಂಡ ಹುಡುಗಿ. ಹೊಸ ಗುಣವೊಂದನ್ನು ಅವಳಿಗೆ ಅಂಟಿಸುವ ಅಗತ್ಯವೇ ಇಲ್ಲ. ಮೂಲದಲ್ಲಿರುವ ಒಂದು ಗುಣವನ್ನೇ ಹಿಡಿದು ಕೊನೆಯವರೆಗೆ ಎಳೆದರೆ ಸಾಕು.

ಬೇರೆ ದಾರಿಗಳೂ ಇವೆ. ಕ್ರಿ.ಪೂ. 412ರಲ್ಲಿ ಗ್ರೀಕ್ ದುರಂತ ನಾಟಕಕಾರ ಯೂರಿಪಿಡೀಸ್ 'ಹೆಲೆನ್' ನಾಟಕ ಆಡಿಸಿದ. ಮರುವರ್ಷವೇ ಹಾಸ್ಯ ನಾಟಕಕಾರ ಅರಿಸ್ಟೋಫೇನೀಸ್ ಅದೇ ಹೆಲೆನಳ ಮಾತುಗಳನ್ನು ಹೆಂಗಸಿನ ವೇಷ ಹಾಕಿದ ಒಬ್ಬ ಮುದುಕನ ಬಾಯಿಗೆ ಹಾಕಿ ಜನರನ್ನು ನಗಿಸಿದ. ಮಾತು ಅದೇ, ಬಾಯಿ ಬೇರೆ. ಕೆನಡಾದ ಆನ್-ಮರಿ ಮ್ಯಾಕ್‌ಡೊನಾಲ್ಡ್ 1988ರಲ್ಲಿ ಡೆಸ್ಡಿಮೋನಾಳನ್ನು ಯುದ್ಧಕ್ಕೆ ಹಾತೊರೆಯುವ ಜಗಳಗಂಟಿಯಾಗಿಸಿದರು. ಅಮೆರಿಕದ ಪೌಲಾ ವೋಗೆಲ್ ಅದೇ ಡೆಸ್ಡಿಮೋನಾಳ ಮೇಲಿನ ಹಾದರದ ಆರೋಪವೆಲ್ಲ ನಿಜವೇ ಆಗಿದ್ದರೆ ಎಂಬ ಪ್ರಶ್ನೆ ಹಾಕಿಕೊಂಡು ಅರಮನೆಯ ಹಿತ್ತಿಲ ಕೋಣೆಯಲ್ಲಿ ಮೂವರೇ ಹೆಂಗಸರ ನಾಟಕ ಬರೆದರು. ಈ ತಿರುವುಮುರುವು ಮಾಡುವ ದಾರಿ ಬೇಗ ಫಲ ಕೊಡುತ್ತದೆ. ಆದರೆ ಮೂಲ ಗೊತ್ತಿಲ್ಲದ ಪ್ರೇಕ್ಷಕನಿಗೆ ತಿರುವಿದ್ದು ಏನನ್ನು ಅನ್ನುವುದೇ ಗೊತ್ತಾಗುವುದಿಲ್ಲ. ಒಂದೇ ಉತ್ತರ ಬದಲಿಸುವ ದಾರಿಯಲ್ಲಿ ಆ ತೊಂದರೆ ಕಡಿಮೆ, ಯಾಕೆಂದರೆ ಮೂಲವನ್ನು ಅವನ ಕಣ್ಣೆದುರೇ ತೋರಿಸಿ, ಆಮೇಲೆ ಮುರಿಯುತ್ತೇವೆ.

ಅದಕ್ಕಾಗಿಯೇ ಮೊದಲ 10 ನಿಮಿಷ ಒಂದೂ ನಗೆಯಿಲ್ಲ. 75 ನಿಮಿಷದ, ಮಧ್ಯಂತರವಿಲ್ಲದ ಪ್ರಯೋಗಕ್ಕೆ ಇದು ದುಬಾರಿ ಅನ್ನಿಸುತ್ತದೆ, ನಟರು ಚಡಪಡಿಸುತ್ತಾರೆ. ಆದರೂ ಬಿಟ್ಟುಕೊಡಬಾರದು. ಆ 10 ನಿಮಿಷದಲ್ಲಿ ಮೂರು ಸಂಗತಿ ಪ್ರೇಕ್ಷಕನ ತಲೆಗೆ ಇಳಿಯಬೇಕು: ಅಪ್ಪ ಮಗಳಿಗೆ ನಿಷೇಧ ಹಾಕಿದ್ದಾನೆ, ರಾಜಕುಮಾರನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಎಲ್ಲರೂ ನಂಬಿದ್ದಾರೆ, ಅರಮನೆಯ ಹತ್ತಿರ ಒಂದು ಹಳ್ಳವಿದೆ. ಹಳ್ಳದ ಮಾತು ಎರಡು ಸಲವಾದರೂ ಬರಲಿ. ಬೆಳಕು ತಣ್ಣಗಿನ ನೀಲಿ, ಮಾತು ಪೂರ್ತಿ ಗ್ರಾಂಥಿಕ, ಒಫೀಲಿಯಾಳದ್ದೂ. ಉತ್ತರ ಬದಲಾದ ಗಳಿಗೆಯಿಂದ ಅವಳೊಬ್ಬಳ ಭಾಷೆ ಆಡುಮಾತಿಗೆ ಇಳಿಯುತ್ತದೆ, ಉಳಿದವರದ್ದು ಎತ್ತರದಲ್ಲೇ ಉಳಿಯುತ್ತದೆ. ಬೆಳಕು ಆಗಲೇ ಬದಲಾಗಬಾರದು. ಬದಲಾದರೆ 'ಇನ್ನು ನಗಿ' ಎಂದು ಫಲಕ ಹಿಡಿದ ಹಾಗೆ ಆಗುತ್ತದೆ. ಒಂದೂವರೆ ನಿಮಿಷ ಬಿಟ್ಟು ನಿಧಾನವಾಗಿ ಬಿಸಿಲ ಬಣ್ಣಕ್ಕೆ ಹೊರಳಿಸಬೇಕು.

ಆ ಗಳಿಗೆ ಹೀಗಿದೆ:

ರಾಜಕುಮಾರ: ನಿನ್ನ ತಂದೆ ಎಲ್ಲಿರುವರು?
ಒಫೀಲಿಯಾ: ಇದ್ದಾರೆ ಪ್ರಭು. ಅಲ್ಲೇ. ಪರದೆ ಹಿಂದೆ.
(ಮೌನ. ಪರದೆ ಅಲುಗುವುದಿಲ್ಲ.)
ರಾಜಕುಮಾರ: ...ಒಬ್ಬರೇ?
ಒಫೀಲಿಯಾ: ಮಹಾರಾಜರೂ ಇದ್ದಾರೆ. ಜಾಗ ಸಾಲದು ಅಂತ ಆಗಲೇ ಅಂದೆ, ಕೇಳಲಿಲ್ಲ.

ಇಲ್ಲಿ ಕನ್ನಡದಲ್ಲಿ ಬರೆಯುವವರು ಎಡವುವ ಜಾಗವೊಂದಿದೆ. ನಮ್ಮ ವಾಕ್ಯದ ಬಾಲದಲ್ಲಿ ಕ್ರಿಯಾಪದ ಕೂತಿರುತ್ತದೆ. 'ಪರದೆ ಹಿಂದೆ ಇದ್ದಾರೆ ಪ್ರಭು' ಎಂದು ಬರೆದರೆ ನಗು 'ಪರದೆ ಹಿಂದೆ' ಅನ್ನುವಲ್ಲಿ ಸಿಡಿಯುತ್ತದೆ, ಉಳಿದೆರಡು ಪದ ಗದ್ದಲದಲ್ಲಿ ಮುಳುಗುತ್ತವೆ, ನಟಿಗೆ ತಾಳ ತಪ್ಪುತ್ತದೆ. ಅಚ್ಚರಿಯ ಪದ ಕೊನೆಗೆ ಬೀಳುವ ಹಾಗೆ ವಾಕ್ಯ ಮುರಿಯಬೇಕು. ಸ್ಕ್ರಿಪ್ಟಿನ ಪ್ರತಿ ನಗೆಸಾಲನ್ನೂ ಹೀಗೆ ಗಟ್ಟಿಯಾಗಿ ಓದಿ ತಿದ್ದಿದರೆ ಅರ್ಧಕ್ಕರ್ಧ ಸಾಲುಗಳಿಗೆ ಜೀವ ಬರುತ್ತದೆ. ಉಳಿದವು ಮೊದಲೇ ಸತ್ತಿದ್ದವು, ತೆಗೆದುಬಿಡಬಹುದು.

ಕನ್ಯಾಮಠದ ಆಜ್ಞೆಯನ್ನು 5 ಸಲವೂ ಇಟ್ಟುಕೊಂಡೆವು. ಮೊದಲ ಸಲಕ್ಕೆ ಯಾವ ಮಠ ಎಂದು ಕೇಳುತ್ತಾಳೆ. ಎರಡನೆಯದಕ್ಕೆ ದಾರಿ. ಮೂರನೆಯದಕ್ಕೆ ಒಳಗೆ ಹೋಗಿ ಗಂಟು ಕಟ್ಟಿಕೊಂಡು ಬರುತ್ತಾಳೆ. ನಾಲ್ಕನೆಯದನ್ನು ಅವನು ಖಾಲಿ ರಂಗಕ್ಕೆ ಹೇಳುತ್ತಾನೆ, ಅವಳು ಆಗಲೇ ಹೊರಟುಹೋಗಿದ್ದಾಳೆ. ಐದನೆಯದು ಪಿಸುಮಾತು: ಅವಳು ನಿಜವಾಗಿಯೂ ಹೋದಳೆಂದು ಅವನಿಗೆ ಹೊಳೆಯುವ ಹೊತ್ತು. ಒಂದೇ ನಗೆಯನ್ನು ಐದು ಸಲ ಹೇಳುವುದು ಬೇರೆ, ಒಂದೇ ಸಾಲಿನ ಕೆಳಗೆ ಐದು ಬೇರೆ ಸನ್ನಿವೇಶ ಇಡುವುದು ಬೇರೆ. ಮಠಕ್ಕೆ ಹೋದರೆ ಬಾಗಿಲಿಗೆ ಬೀಗ. ಇದಕ್ಕೊಂದು ಚರಿತ್ರೆಯ ಕಾರಣವೂ ಇದೆ. ಹ್ಯಾಮ್ಲೆಟ್ ಓದಿದ್ದು ಕ್ರೈಸ್ತ ಮಠಗಳನ್ನು ವಿರೋಧಿಸಿದ ಸುಧಾರಕ ಲೂಥರ್ ಪಾಠ ಹೇಳಿದ ಜರ್ಮನಿಯ ವಿಟೆನ್‌ಬರ್ಗಿನಲ್ಲಿ, ಡೆನ್ಮಾರ್ಕ್ 1536ರಲ್ಲಿ ಲೂಥರನ ಪಂಥಕ್ಕೆ ಹೊರಳಿತು, ಮಠಗಳ ಕಾಲ ಮುಗಿಯಿತು. ಇದನ್ನು ಸಂಭಾಷಣೆಯಲ್ಲಿ ವಿವರಿಸಲು ಹೋದರೆ ಸಭೆ ತೂಕಡಿಸುತ್ತದೆ. ಬೀಗ ಸಾಕು, ಜೊತೆಗೆ ಒಂದು ತುಕ್ಕು ಹಿಡಿದ ಗಂಟೆ.

ಹುಚ್ಚಿನ ದೃಶ್ಯದ ಬಗ್ಗೆ ಮೊದಲೇ ಒಂದು ತೀರ್ಮಾನ ಬೇಕು. ಬುದ್ಧಿ ಕೆಟ್ಟವಳನ್ನು ನೋಡಿ ನಗುವುದು, ಆತ್ಮಹತ್ಯೆಯನ್ನು ನೋಡಿ ನಗುವುದು, ಎರಡೂ ನಾಟಕವನ್ನು ಕೊಲ್ಲುತ್ತವೆ. ನೀತಿಯ ಮಾತು ಬದಿಗಿರಲಿ. ಸಭೆಯಲ್ಲಿ ಯಾರಾದರೂ ಒಬ್ಬರು ಹಾಗೆ ಯಾರನ್ನಾದರೂ ಕಳೆದುಕೊಂಡಿರುತ್ತಾರೆ, ಅವರು ಬಿಗಿಯಾದರೆ ಅಕ್ಕಪಕ್ಕದ ನಾಲ್ಕು ಸಾಲು ಬಿಗಿಯಾಗುತ್ತದೆ, ಮುಂದಿನ 15 ನಿಮಿಷ ಯಾರೂ ನಗುವುದಿಲ್ಲ. 1603ರ ಮೊದಲ ಮುದ್ರಣದಲ್ಲಿ ಒಫೀಲಿಯಾ ಕೂದಲು ಬಿಚ್ಚಿಕೊಂಡು ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಾ ಬರುತ್ತಾಳೆ ಎಂಬ ರಂಗಸೂಚನೆಯಿದೆ. ಕೆದರಿದ ಕೂದಲು ಅಂದರೆ ಹುಚ್ಚು ಅನ್ನುವುದು ರಂಗದ ಹಳೇ ಸಂಕೇತ, ನಾವು ಅದನ್ನು ತಿರುಗಿಸಿದೆವು: ಅವಳ ಜಡೆ ಬಿಗಿಯಾಗಿದೆ, ಉಳಿದ ಎಲ್ಲರ ಕೂದಲೂ ದೃಶ್ಯದಿಂದ ದೃಶ್ಯಕ್ಕೆ ಕೆದರುತ್ತಾ ಹೋಗುತ್ತದೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಹೂ ಹಂಚುವ ಪ್ರಸಂಗವನ್ನು ಉಳಿಸಿಕೊಂಡೆವು. ಮೂಲದಲ್ಲಿ ರೋಸ್‌ಮೇರಿ, ಪ್ಯಾನ್ಸಿ, ಫೆನೆಲ್, ಕೊಲಂಬೈನ್, ರೂ, ಡೇಸಿ, ಹೀಗೆ ಆರು ಹೆಸರು ಬರುತ್ತವೆ; ನೇರಳೆ ವಯೊಲೆಟ್ ಹೂಗಳು ಮಾತ್ರ ಅಪ್ಪ ಸತ್ತ ದಿನವೇ ಬಾಡಿದವು ಅನ್ನುತ್ತಾಳೆ. ಯಾವ ಹೂ ಯಾರಿಗೆ ಎಂದು ಮೂಲ ಪಠ್ಯ ಹೇಳುವುದಿಲ್ಲ, ನಿರ್ದೇಶಕರು ತಮಗೆ ತೋಚಿದಂತೆ ಹಂಚುತ್ತಾರೆ. ನಮ್ಮಲ್ಲಿ ಆ ಗೊಂದಲವೇ ದೃಶ್ಯ: ಪಶ್ಚಾತ್ತಾಪದ ಹೂವಾದ ರೂ ತನಗೆ ಬಂತೆಂದು ದೊರೆ ರಾಣಿಗೆ ದಾಟಿಸುತ್ತಾನೆ, ರಾಣಿ ಪೊಲೋನಿಯಸ್‌ಗೆ, ಅವನು ಮತ್ತೆ ದೊರೆಗೆ. ಒಫೀಲಿಯಾ ಮಾತ್ರ ಹೆಸರು ಕರೆದು ಪಟ್ಟಿಯಂತೆ ಕೊಡುತ್ತಲೇ ಇರುತ್ತಾಳೆ. ಅಪ್ಪ ಬದುಕಿರುವುದರಿಂದ ವಯೊಲೆಟ್ ಬಾಡಿಲ್ಲ. ಅದು ಅಪ್ಪನಿಗೇ ಸಿಗುತ್ತದೆ, ನಗೆಯಿಲ್ಲದೆ. ಪರಿಕರದ ಮಾತು: ನಿಜವಾದ ಹೂ ಬಳಸಿದರೆ ದಳ ಉದುರಿ ನೆಲ ಜಾರುತ್ತದೆ, ಮುಂದಿನ ದೃಶ್ಯದಲ್ಲಿ ಓಟವಿದೆ. ಬಟ್ಟೆಯ ಹೂ, 20 ಸೆಂಟಿಮೀಟರಿನ ತಂತಿ ಕಾಂಡ, ತುದಿಗೆ ಟೇಪು ಸುತ್ತಿರಬೇಕು, ಇಲ್ಲದಿದ್ದರೆ ಕೈಯಿಂದ ಕೈಗೆ ದಾಟುವಾಗ ಚುಚ್ಚುತ್ತದೆ. ಆರೂ ಹೂವಿನ ಬಣ್ಣ ದೂರದಿಂದ ಬೇರೆಬೇರೆಯಾಗಿ ಕಾಣಬೇಕು. ಫೆನೆಲ್ ಮತ್ತು ರೂ ಎರಡೂ ಹಳದಿಯಾದ್ದರಿಂದ ರೂಗೆ ದಪ್ಪ ಹಸಿರು ಎಲೆ ಸೇರಿಸಿದೆವು.

ಮುಳುಗಿದ್ದು ಹೇಗೆ? ಮುಳುಗಲಿಲ್ಲ. ಮಠದಿಂದ ವಾಪಸು ಬರುವಾಗ ಹಳ್ಳ ದಾಟಬೇಕು, ಆಸ್ಥಾನದ ಭಾರದ ಲಂಗ ಒದ್ದೆಯಾದರೆ ನಡೆಯಲಾಗುವುದಿಲ್ಲ, ಬಿಚ್ಚಿ ಕೊಂಬೆಗೆ ಹಾಕುತ್ತಾಳೆ, ಕೊಂಬೆ ಮುರಿಯುತ್ತದೆ. ತೇಲಿಹೋಗುವುದು ಲಂಗ ಮಾತ್ರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಆಸ್ಥಾನ ಅದು. ಫ್ರಾನ್ಸಿಗೆ ಓಲೆ ಹೋಗುತ್ತದೆ, ರಾಣಿ ಭಾಷಣಕ್ಕೆ ನಿಲ್ಲುತ್ತಾಳೆ.

ಈ ಭಾಷಣವೇ ನಮ್ಮ ನಾಟಕದ ನಡುಗಂಬ. ಮೂಲದ ನಾಲ್ಕನೇ ಅಂಕದ ಕೊನೆಯಲ್ಲಿ ರಾಣಿ ಗರ್ಟ್ರೂಡ್ ಹಳ್ಳಕ್ಕೆ ಬಾಗಿದ ವಿಲೋ ಮರ, ಕೈಯಲ್ಲಿದ್ದ ಹೂಮಾಲೆ, ಹರಡಿಕೊಂಡ ಬಟ್ಟೆ, ಅವಳು ಹಾಡಿಕೊಂಡಿದ್ದ ಹಳೆಯ ಹಾಡಿನ ತುಣುಕು ಎಲ್ಲವನ್ನೂ ಹದಿನೇಳೆಂಟು ಸಾಲಿನಲ್ಲಿ ಬಣ್ಣಿಸುತ್ತಾಳೆ. ಕಾವ್ಯ ಚೆಲುವಾಗಿದೆ. ಆದರೆ ನೋಡಿದವರು ಯಾರು? ಪಠ್ಯದಲ್ಲಿ ಉತ್ತರವಿಲ್ಲ. ಭಾಷಣವನ್ನು ಒಂದಕ್ಷರ ಬಿಡದೆ, ಪೂರ್ತಿ ಗಂಭೀರವಾಗಿ ರಾಣಿ ಹೇಳಬೇಕು. ಐದನೇ ಸಾಲಿನ ಹೊತ್ತಿಗೆ ಒಫೀಲಿಯಾ ಮೊಣಕಾಲವರೆಗೆ ಒದ್ದೆಯಾಗಿ ಹಿಂದಿನಿಂದ ಬಂದು ಆಸ್ಥಾನಿಕರ ನಡುವೆ ನಿಂತು ಕೇಳಿಸಿಕೊಳ್ಳುತ್ತಾಳೆ. ಮಾಲೆಯಲ್ಲಿ ತುರಿಕೆ ಗಿಡವೂ ಇತ್ತು ಅಂದಾಗ ತನ್ನ ಅಂಗೈ ನೋಡಿಕೊಳ್ಳುತ್ತಾಳೆ. ಅಷ್ಟೇ, ಮಾತಿಲ್ಲ. ಭಾಷಣ ಮುಗಿದು ಎಲ್ಲರೂ ಕಣ್ಣೊರೆಸಿಕೊಂಡ ಮೇಲೆ ಕೇಳುತ್ತಾಳೆ: 'ಇಷ್ಟು ವಿವರವಾಗಿ ನೋಡಿದವರು ಒಂದು ಹಗ್ಗ ಎಸೆಯಬಹುದಿತ್ತಲ್ಲ ಮಹಾರಾಣಿ?'

ನಟಿ ಇದನ್ನು ಚುಚ್ಚುಮಾತಾಗಿ ಹೇಳಿದರೆ ಸಣ್ಣ ನಗು. ನಿಜಕ್ಕೂ ತಿಳಿದುಕೊಳ್ಳಲು ಕೇಳುತ್ತಿದ್ದೇನೆ ಎಂಬಂತೆ ಹೇಳಿದರೆ ದೊಡ್ಡ ನಗು, ಅದರ ಬೆನ್ನಿಗೇ ಒಂದು ಇರಿತ. ನಾಯಕಿ ಲೇಖಕನ ವಕೀಲಳಾಗಿಬಿಡುವ ಅಪಾಯ ಇಂಥ ಕಡೆಯೇ ಹೆಚ್ಚು. ಹೆಣ್ಣಿನ ಪಾಡಿನ ಬಗ್ಗೆ ಅವಳ ಬಾಯಲ್ಲಿ ಆರು ಸಾಲು ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ಹಾಕಿ ನೋಡಿದರೆ ಸಭೆ ಚಪ್ಪಾಳೆ ಹೊಡೆಯುತ್ತದೆ, ನಗುವುದಿಲ್ಲ. ಹಾಸ್ಯ ನಾಟಕದಲ್ಲಿ ನಗುವಿರಬೇಕಾದ ಕಡೆ ಚಪ್ಪಾಳೆ ಬಂದರೆ ಏನೋ ಸೋರುತ್ತಿದೆ ಅಂತಲೇ ಅರ್ಥ.

ರಂಗದ ಮೇಲೆ ನಿಜವಾದ ನೀರು ಬೇಕೆಂದು ಹಟ ಹಿಡಿಯುವ ವಿನ್ಯಾಸಕಾರರಿಗೆ ಒಂದು ಲೆಕ್ಕ: ಒಂದು ಲೀಟರ್ ಒಂದು ಕಿಲೋ. ಸ್ನಾನದ ತೊಟ್ಟಿಗೆ 150 ಲೀಟರ್ ತುಂಬಿಸಿದರೆ ತೊಟ್ಟಿ, ನಟಿ ಸೇರಿ 250 ಕಿಲೋ ದಾಟುತ್ತದೆ, ಸಾಮಾನ್ಯ ಮರದ ವೇದಿಕೆಯ ಒಂದೇ ಹಲಗೆಯ ಮೇಲೆ. ಒದ್ದೆ ಬಟ್ಟೆಗೆ ಮೈಕ್ ಕಟ್ಟಲಾಗುವುದಿಲ್ಲ, ವೇಷ ಎರಡು ಜೊತೆ ಬೇಕು, ನೆಲಕ್ಕೆ ಚೆಲ್ಲಿದ ನೀರು ಮುಂದಿನ ದೃಶ್ಯದಲ್ಲಿ ಯಾರದ್ದೋ ಸೊಂಟ ಮುರಿಯುತ್ತದೆ. ಚಿತ್ರಕಾರ ಮಿಲೇ 1852ರಲ್ಲಿ ಮುಗಿಸಿದ ಒಫೀಲಿಯಾ ಚಿತ್ರಕ್ಕೆ ರೂಪದರ್ಶಿ ಎಲಿಜಬೆತ್ ಸಿಡಲ್ ಚಳಿಗಾಲದಲ್ಲಿ ತೊಟ್ಟಿಯ ನೀರಿನಲ್ಲಿ ಮಲಗಿದ್ದಳು. ಕೆಳಗಿಟ್ಟ ದೀಪಗಳು ಆರಿದ್ದು ಯಾರಿಗೂ ಗೊತ್ತಾಗಲಿಲ್ಲ, ಅವಳಿಗೆ ಶೀತ ಹಿಡಿಯಿತು, ತಂದೆ 50 ಪೌಂಡ್ ವೈದ್ಯರ ಖರ್ಚು ಕೇಳಿದ. ಈ ಕಥೆಯೇ ಒಂದು ಪ್ರಹಸನ. ನಾವು ನೀರು ತರಲಿಲ್ಲ. ಲಂಗದ ಕೆಳಗಿನ ಅರ್ಧಕ್ಕೆ ಅದೇ ಬಟ್ಟೆಯ ಗಾಢ ಬಣ್ಣದ ತುಂಡು ಹೊಲಿದರೆ ದೀಪದ ಕೆಳಗೆ ಒದ್ದೆಯಾಗಿಯೇ ಕಾಣುತ್ತದೆ. ಬೂಟಿನೊಳಗೆ ನೆನೆಸಿ ಹಿಂಡಿದ ಸ್ಪಂಜಿನ ಚೂರು ಇಟ್ಟರೆ ಹೆಜ್ಜೆಹೆಜ್ಜೆಗೂ ಪಿಚಪಿಚ ಸದ್ದು.

ಗೋರಿಯ ದೃಶ್ಯಕ್ಕೆ ಹೊಸದಾಗಿ ಬರೆಯಬೇಕಾದದ್ದು ಕಡಿಮೆ. ಷೇಕ್ಸ್‌ಪಿಯರ್ ತಾನೇ ಅವಳ ಗುಂಡಿಯ ದಡದಲ್ಲಿ ಇಬ್ಬರು ವಿದೂಷಕರನ್ನು ಕೂರಿಸಿದ್ದಾನೆ. ಮನುಷ್ಯ ನೀರಿನ ಹತ್ತಿರ ಹೋದನೋ, ನೀರು ಮನುಷ್ಯನ ಹತ್ತಿರ ಬಂತೋ ಎಂಬ ಅವರ ವಾದ 1554ರಲ್ಲಿ ಮುಳುಗಿ ಸತ್ತ ನ್ಯಾಯಾಧೀಶ ಸರ್ ಜೇಮ್ಸ್ ಹೇಲ್ಸ್‌ನ ಆಸ್ತಿಯ ಮೊಕದ್ದಮೆಯಲ್ಲಿ ವಕೀಲರು ನಿಜವಾಗಿಯೂ ಹೂಡಿದ ವಾದದ ಅಣಕ. ನಾವು ಮಾಡಿದ್ದು ಇಷ್ಟೇ: ಮಠದ ಬಾಗಿಲಲ್ಲಿ ಸಿಕ್ಕ ಒರಟು ಬಟ್ಟೆ ಸುತ್ತಿಕೊಂಡ ಒಫೀಲಿಯಾ ಅವರ ಪಕ್ಕ ಕೂತು, ನೀರು ಎಷ್ಟು ಆಳವಿತ್ತು ಎಂದು ಸಾಕ್ಷಿ ಹೇಳುತ್ತಾಳೆ. ಆಮೇಲೆ ಲೆಯರ್ಟಿಸ್ ಗುಂಡಿಗೆ ಹಾರುತ್ತಾನೆ. ಅವನ ಹಿಂದೆ ಹ್ಯಾಮ್ಲೆಟನೂ ಹಾರುವ ಸೂಚನೆ 1603ರ ಮುದ್ರಣದಲ್ಲಿದೆ. ಖಾಲಿ ಗುಂಡಿಯಲ್ಲಿ ಇಬ್ಬರು ಗಂಡಸರು ಯಾರ ದುಃಖ ದೊಡ್ಡದೆಂದು ಗುದ್ದಾಡುವುದನ್ನು ಸತ್ತವಳೇ ಮೇಲಿಂದ ನೋಡುವುದು ಪ್ರಹಸನದ ತುತ್ತತುದಿ.

ನೆಲಬಾಗಿಲು ಇಲ್ಲದ ರಂಗದಲ್ಲಿ 75 ಸೆಂಟಿಮೀಟರ್ ಎತ್ತರದ ಎರಡು ವೇದಿಕೆಗಳ ನಡುವೆ ಒಂದು ಮೀಟರ್ ಸಂದು ಬಿಟ್ಟರೆ ಗುಂಡಿ ಸಿದ್ಧ. ತಳಕ್ಕೆ 15 ಸೆಂಟಿಮೀಟರ್ ದಪ್ಪದ ಫೋಮ್, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಕಪ್ಪು ಬಟ್ಟೆ. ಸಡಿಲವಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ. ಮೊದಲು ಹಾರುವವನು ಎಡ ಅರ್ಧಕ್ಕೆ ಸರಿದು ಕೈ ಎತ್ತಿದ ಮೇಲೆಯೇ ಎರಡನೆಯವನು ಹಾರಬೇಕು. ಆ ಎತ್ತಿದ ಕೈ ಪ್ರೇಕ್ಷಕರಿಗೆ ಶೋಕದ ಮುದ್ರೆಯಾಗಿ ಕಾಣುತ್ತದೆ, ಒಳಗಿನವರಿಗೆ ಸುರಕ್ಷತೆಯ ಗುರುತು.

ಇಲ್ಲಿಂದ ಮುಂದೆ ನಾಟಕ ಕುಸಿಯುವ ಸಂಭವ ಹೆಚ್ಚು. ಅವಳು ಬದುಕಿದ್ದಾಳೆಂದು ಎಲ್ಲರಿಗೂ ಗೊತ್ತಾಯಿತು, ಇನ್ನೇನು? ಅಪಾಯ ಇಲ್ಲದ ಕಡೆ ಹಾಸ್ಯ ಬೇಗ ಸಪ್ಪೆಯಾಗುತ್ತದೆ. ಅದಕ್ಕೇ ಹ್ಯಾಮ್ಲೆಟನ ತಂದೆಯನ್ನು ಕೊಂದ ದೊರೆ ಕ್ಲಾಡಿಯಸ್ ಕೊನೆಯವರೆಗೂ ನಿಜವಾದ ಕೊಲೆಗಾರನಾಗಿಯೇ ಉಳಿಯಬೇಕು. ಅವನ ಪಾತ್ರಧಾರಿಗೆ ಒಂದು ನಗೆಯೂ ಸಿಗಕೂಡದು. ಹ್ಯಾಮ್ಲೆಟನಿಗೆಂದು ಇಟ್ಟ ಅವನ ವಿಷದ ಬಟ್ಟಲು ಕೊನೆಯ 20 ನಿಮಿಷ ನಾಟಕವನ್ನು ಹೊರುತ್ತದೆ. ಒಂದೇ ಬಗೆಯ 3 ಬಟ್ಟಲು, ಒಂದರಲ್ಲಿ ವಿಷ, 'ಕುಡಿಯಬೇಡಿ' ಎಂದು ಯಾರೂ ಹೇಳಿಕೊಡದಿದ್ದರೂ ಹೇಳಲು ಈಗ ಕಲಿತಿರುವ ಹುಡುಗಿ. ಪ್ರತಿ ಬಟ್ಟಲು ಯಾವ ಸಾಲಿನಲ್ಲಿ ಯಾರ ಕೈಯಲ್ಲಿರುತ್ತದೆ ಎಂಬ ತಖ್ತೆ ಸ್ಟೇಜ್ ಮ್ಯಾನೇಜರ್ ಹತ್ತಿರ ಇರಬೇಕು, ಬಟ್ಟಲಿನ ತಳಕ್ಕೆ ಬೇರೆಬೇರೆ ಬಣ್ಣದ ಟೇಪು. ಪ್ರೇಕ್ಷಕನಿಗೆ ವಿಷದ್ದು ಯಾವುದೆಂದು ಒಂದು ಕ್ಷಣವೂ ಅನುಮಾನ ಬರಬಾರದು. ಅವನಿಗೆ ಗೊಂದಲವಾದರೆ ಅವನು ಎಣಿಸಲು ಶುರುಮಾಡುತ್ತಾನೆ, ಎಣಿಸುವವನು ನಗುವುದಿಲ್ಲ.

ಮದುವೆ ಮಾಡಿಸಿ ಮುಗಿಸಿಬಿಡಿ ಎಂಬ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. 1681ರಲ್ಲಿ ನೇಹಮ್ ಟೇಟ್ ಷೇಕ್ಸ್‌ಪಿಯರನ 'ಲಿಯರ್' ದುರಂತವನ್ನು ತಿದ್ದಿ ರಾಜನ ಕಿರಿಯ ಮಗಳು ಕೊರ್ಡೀಲಿಯಾಳನ್ನು ಬದುಕಿಸಿದ, ಎಡ್ಗರನ ಜೊತೆ ಮದುವೆ ಗೊತ್ತುಮಾಡಿದ; ಇಂಗ್ಲಿಷ್ ರಂಗಭೂಮಿ ಒಂದೂವರೆ ಶತಮಾನ ಅದನ್ನೇ ಆಡಿತು. ಜೀವ ಉಳಿಸಿದ್ದು ಹೌದು, ಹಾಸ್ಯ ಮಾತ್ರ ಹುಟ್ಟಲಿಲ್ಲ, ಯಾಕೆಂದರೆ ಅದೇ ಕೈಯಲ್ಲಿ ಅವನು ವಿದೂಷಕನನ್ನು ತೆಗೆದುಹಾಕಿದ್ದ. ನಮ್ಮ ಒಫೀಲಿಯಾ ಯಾರನ್ನೂ ಮದುವೆಯಾಗುವುದಿಲ್ಲ. ಗುಂಡಿ ತೋಡಿದವನು ಕೂಲಿ ಕೇಳಿದಾಗ ಆಸ್ಥಾನದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವಳು ಗುಂಡಿಯ ಉದ್ದ ಅಳೆದು, ದೊರೆಯನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, 'ಸರಿಯಾಗುತ್ತೆ, ಮುಚ್ಚಬೇಡ' ಅನ್ನುತ್ತಾಳೆ. ದೀಪ ಆರುವುದು ಅಲ್ಲಿಗೆ.

ನಟನೆಯ ಬಗ್ಗೆ ಹೇಳಲು ಇರುವುದು ಸ್ವಲ್ಪ, ಆದರೆ ಪಟ್ಟು ಹಿಡಿಯಬೇಕಾದದ್ದು. ತಾನು ಹಾಸ್ಯ ನಾಟಕದಲ್ಲಿದ್ದೇನೆಂದು ಒಫೀಲಿಯಾಗೆ ಗೊತ್ತಿರಬಾರದು. ನಟ, ನಾಟಕಕಾರ ಚಾರ್ಲ್ಸ್ ಲಡ್ಲಮ್ 1973ರಲ್ಲಿ ನ್ಯೂಯಾರ್ಕಿನಲ್ಲಿ ಕ್ಷಯದಿಂದ ಸಾಯುವ 'ಕಮೀಲ್' ನಾಯಕಿಯ ಪಾತ್ರವನ್ನು ತಾನೇ ಮಾಡಿದ, ತೆರೆದ ಕೊರಳಿನ ಗೌನಿನಲ್ಲಿ ಎದೆಗೂದಲು ಎದ್ದು ಕಾಣುತ್ತಿರುವಾಗಲೇ. ಜನ ನಕ್ಕರು, ಕೊನೆಯಲ್ಲಿ ಅತ್ತರು, ಯಾಕೆಂದರೆ ಆತ ಪಾತ್ರವನ್ನು ಒಮ್ಮೆಯೂ ಗೇಲಿ ಮಾಡಲಿಲ್ಲ. ತಾಲೀಮಿನಲ್ಲಿ ವಾರಕ್ಕೊಮ್ಮೆಯಾದರೂ ಇಡೀ ನಾಟಕವನ್ನು ದುರಂತವೆಂದೇ ಆಡಿಸುವುದು ಒಳ್ಳೆಯದು. ಆಗ ಯಾವ ಸಾಲು ಸುಳ್ಳಾಗಿ ಕೇಳಿಸುತ್ತದೋ ಅದು ಬರೀ ಚಟಾಕಿ, ಕತ್ತರಿಸಬಹುದು. ಮೊದಲ ಓದಿನಲ್ಲಿ ತಂಡದವರು ನಕ್ಕ ನಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವರೆಲ್ಲ ಮೂಲ ಓದಿದವರು. 'ಹ್ಯಾಮ್ಲೆಟ್' ಹೆಸರು ಮಾತ್ರ ಕೇಳಿರುವ ಐದಾರು ಜನರನ್ನು ಕೂರಿಸಿ ಆಡಿ, ನಕ್ಕ ಜಾಗ ಗುರುತು ಹಾಕಿಕೊಳ್ಳಿ. ಸಭೆ ನಗುವಾಗ ಮುಂದಿನ ಸಾಲು ಪೂರ್ತಿ ಮೌನಕ್ಕೆ ಕಾಯಬಾರದು. ನಗು ಏರಿ, ಇಳಿದು, ಮೂರರಲ್ಲಿ ಒಂದು ಪಾಲಿಗೆ ಬಂದಾಗ ಎತ್ತಿಕೊಳ್ಳಬೇಕು.

ಪ್ರಯೋಗಗಳು ಶುರುವಾದ ಮೇಲೆ ಸ್ಟೇಜ್ ಮ್ಯಾನೇಜರ್ ಪ್ರತಿ ಸಂಜೆಯ ಅವಧಿ ಬರೆದಿಡಲಿ. 75 ನಿಮಿಷದ್ದು 79 ಆಯಿತೆಂದರೆ ಯಾರೋ ನಗೆಯ ಆಸೆಗೆ ಸಾಲು ಎಳೆಯುತ್ತಿದ್ದಾರೆ, ಸಾಮಾನ್ಯವಾಗಿ ಪೊಲೋನಿಯಸ್. ಅಂಥ ದಿನದ ಮರುಸಂಜೆ ಮೇಕಪ್‌ಗೆ ಮುಂಚೆ ಆ ಮೊದಲ 10 ನಿಮಿಷವನ್ನು, ನಗೆಯಿಲ್ಲದ ಭಾಗವನ್ನು, ಕೂತಲ್ಲೇ ವೇಗವಾಗಿ ಒಂದು ಸಲ ಓದಿಸಿದರೆ ಗಡಿಯಾರ ಜಾಗಕ್ಕೆ ಬರುತ್ತದೆ.